ನೊಣದ ಮೇಲೆ ಯಾಕೆ ದುಡ್ಡು ಹಾಕಬೇಕು?

2025ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕೊಡುತ್ತಿದ್ದ ಸಂಶೋಧನಾ ಹಣವನ್ನು ಸಾರಾಸಗಟಾಗಿ ನಿಲ್ಲಿಸಿತು. ಆ ಜಗಳದ ಸುದ್ದಿ ನಾವೆಲ್ಲ ಓದಿದ್ದೇವೆ. ಅದರಲ್ಲಿ ಸಿಕ್ಕಿಕೊಂಡ ಫ್ಲೈಬೇಸ್ ಎಂಬ ಹೆಸರು ಮಾತ್ರ ಹೊರಗಿನವರ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಫ್ಲೈಬೇಸ್ ಅಂದರೆ ಹಣ್ಣಿನ ನೊಣದ ಬಗ್ಗೆ ಜಗತ್ತಿಗೆ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಜೋಡಿಸಿಟ್ಟಿರುವ ಮಾಹಿತಿ ಭಂಡಾರ. ಯಾವ ಜೀನ್ ಏನು ಮಾಡುತ್ತದೆ, ಅದು ಕೆಟ್ಟರೆ ನೊಣಕ್ಕೆ ಏನಾಗುತ್ತದೆ, ಅಂಥ ನೊಣ ಎಲ್ಲಿ ಸಿಗುತ್ತದೆ, ಎಲ್ಲ ಅಲ್ಲಿದೆ. 1992ರಿಂದ ನಡೆದುಕೊಂಡು ಬಂದಿದೆ. ಹಾರ್ವರ್ಡ್, ಇಂಡಿಯಾನಾ, ನ್ಯೂ ಮೆಕ್ಸಿಕೊ ಮತ್ತು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಜನ ಸೇರಿ ಇದನ್ನು ನೋಡಿಕೊಳ್ಳುತ್ತಾರೆ. ಹಣ ನಿಂತ ಮೇಲೆ ಅವರು ಜಗತ್ತಿನ ನೊಣದ ಲ್ಯಾಬ್‌ಗಳ ಹತ್ತಿರ ವಂತಿಗೆ ಕೇಳಬೇಕಾಯಿತು. ಸೆಪ್ಟೆಂಬರಿನಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಹಣ ನಿಲ್ಲಿಸಿದ್ದು ಕಾನೂನಿಗೆ ವಿರುದ್ಧ ಎಂದಿತು. ಅಷ್ಟರಲ್ಲಿ ಹಾರ್ವರ್ಡ್‌ನಲ್ಲಿ ಫ್ಲೈಬೇಸ್‌ಗಾಗಿ ದುಡಿಯುತ್ತಿದ್ದವರ ಕೈಗೆ ಕೆಲಸ ಹೋಗುವ ನೋಟಿಸ್ ಬಂದಾಗಿತ್ತು.

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಅಕ್ಕ ಕೇಳಿದಳು: "ಅಲ್ಲ ಕಣೋ, ನೊಣದ ಮೇಲೆ ಅಷ್ಟೊಂದು ದುಡ್ಡು ಯಾಕೆ ಹಾಕಬೇಕು? ಅದನ್ನೇ ಕ್ಯಾನ್ಸರ್‌ಗೆ ಹಾಕಬಾರದಾ?"

ನ್ಯಾಯವಾದ ಪ್ರಶ್ನೆ. ತೆರಿಗೆ ಕಟ್ಟುವವರು ಕೇಳಲೇಬೇಕು. ಅದಕ್ಕೆ ಸರಿಯಾಗಿ, ನಿಧಾನವಾಗಿ ಉತ್ತರ ಕೊಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ಕ್ಯಾನ್ಸರ್ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು, ಕ್ಯಾನ್ಸರ್ ಎಂಬ ಪದವನ್ನೇ ಬಾಯಿಗೆ ತಾರದೆ ನೊಣ ನೋಡುತ್ತಾ ಕೂತವರಿಂದ ಬಂದದ್ದು.

ಮೊದಲು ಯಾವ ನೊಣ ಅಂತ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ಗೊಂದಲ ಜಾಸ್ತಿ. ಹಣ್ಣಿನ ನೊಣ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೀಟಗಳಿವೆ. ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗೆ ಹಣ್ಣಿನ ನೊಣ ಅಂದರೆ ತಲೆನೋವು. ಅದು ಬಲಿಯುತ್ತಿರುವ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಹಣ್ಣು ಕೊಯ್ದು ನೋಡಿದರೆ ತಿರುಳಿನಲ್ಲಿ ಹುಳ. ಅದಕ್ಕೇ ತೋಟದಲ್ಲಿ ಟ್ರ್ಯಾಪ್ ಕಟ್ಟುತ್ತಾರೆ. ಅದು ಬ್ಯಾಕ್ಟ್ರೊಸೆರಾ ಎಂಬ ಜಾತಿ. ಲ್ಯಾಬ್‌ಗಳಲ್ಲಿ ಸಾಕುವುದು ಅದನ್ನಲ್ಲ. ಕಳಿತ ಬಾಳೆಹಣ್ಣಿನ ಮೇಲೆ, ಹಲಸಿನ ತೊಳೆ ಬಿಡಿಸಿಟ್ಟ ತಟ್ಟೆಯ ಮೇಲೆ ಗುಂಪು ಕಟ್ಟುವ ಕೆಂಪು ಕಣ್ಣಿನ ನುಸಿ ಇದೆಯಲ್ಲ, ಎರಡು ಮೂರು ಮಿಲಿಮೀಟರ್ ಉದ್ದದ್ದು, ಅಂಥದ್ದು. ಅದರ ಹೆಸರು ಡ್ರಾಸೊಫಿಲ ಮೆಲನೋಗ್ಯಾಸ್ಟರ್. ಹಣ್ಣು ಹುಳಿಯುವಾಗ ಬೆಳೆಯುವ ಯೀಸ್ಟ್ ಅದರ ಊಟ. ಬೆಳೆಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ.

ಈ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಹುದ್ದೆಗೆ ನಿಂತಿದ್ದ ಸಾರಾ ಪೇಲಿನ್, ಸರ್ಕಾರದ ದುಡ್ಡು ಹೇಗೆ ಪೋಲಾಗುತ್ತಿದೆ ಎನ್ನುವುದಕ್ಕೆ ಹಣ್ಣಿನ ನೊಣದ ಸಂಶೋಧನೆಯನ್ನೇ ಉದಾಹರಣೆ ಕೊಟ್ಟರು. ಅವರು ಹೇಳಿದ್ದು ಆಲಿವ್ ಬೆಳೆ ಹಾಳುಮಾಡುವ ನೊಣದ ಬಗೆಗಿನ ಕೆಲಸ. ಜನರ ತಲೆಯಲ್ಲಿ ಉಳಿದದ್ದು ಮಾತ್ರ ನೊಣಕ್ಕೆ ದುಡ್ಡು ದಂಡ ಎನ್ನುವ ಮಾತು. ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಅವತ್ತಿನ ಅವರ ಭಾಷಣ ಇದ್ದದ್ದೇ ವಿಶೇಷ ಅಗತ್ಯಗಳಿರುವ ಮಕ್ಕಳ ಬಗ್ಗೆ. ಅಂಥ ಮಕ್ಕಳ ಮನೆಗಳಿಗೆ ಈ ನೊಣ ಎಷ್ಟು ಹತ್ತಿರದ್ದು ಅಂತ ಮುಂದೆ ಹೇಳುತ್ತೇನೆ.

ನೊಣ ಲ್ಯಾಬಿಗೆ ಬಂದ ಕಥೆ ಹಳೆಯದು. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು ಹಾಕಿ ಇವನ್ನು ಸಾಕುತ್ತಿದ್ದರು. 1910ರಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡು ಕಂಡಿತು. ಅದರ ಸಂತತಿಯನ್ನು ಲೆಕ್ಕ ಹಾಕುತ್ತಾ ಹೋಗಿ, ಜೀನ್‌ಗಳು ಕ್ರೋಮೋಸೋಮ್‌ಗಳ, ಅಂದರೆ ಜೀವಕೋಶದೊಳಗಿನ ಎಳೆಗಳ, ಮೇಲೆ ಕೂತಿವೆ ಎಂದು ತೋರಿಸಿದರು. 1933ರಲ್ಲಿ ನೊಬೆಲ್ ಬಂತು. ಪಿಯುಸಿ ಜೀವಶಾಸ್ತ್ರ ಓದಿದವರಿಗೆಲ್ಲ ಇದು ಗೊತ್ತು, ಬಿಡಿ.

ನೊಣವೇ ಯಾಕೆ? 25 ಡಿಗ್ರಿ ಬಿಸಿಯಲ್ಲಿ ಮೊಟ್ಟೆಯಿಂದ ದೊಡ್ಡ ನೊಣ ಆಗಲು ಸುಮಾರು ಹತ್ತು ದಿನ ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಕ್ರೋಮೋಸೋಮ್ ಬರೀ ನಾಲ್ಕು ಜೊತೆ. ಸಾಕುವ ಖರ್ಚೂ ಕಡಿಮೆ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಮಾನಸಗಂಗೋತ್ರಿಯಲ್ಲಿ, ದಶಕಗಳಿಂದ ನೊಣ ಸಾಕುತ್ತಿದ್ದಾರೆ. ಅಲ್ಲಿ ನೊಣಕ್ಕೆ ಹಾಕುವ ಊಟ ಏನು ಗೊತ್ತಾ? ರವೆ, ಬೆಲ್ಲ, ನೀರು. ಗಟ್ಟಿಯಾಗಲಿ ಅಂತ ಸ್ವಲ್ಪ ಅಗರ್, ಬೂಸ್ಟು ಬಾರದಿರಲಿ ಅಂತ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ಕುದಿಸಿ, ಬಾಟಲಿಗೆ ಸುರಿದು, ಆರಿಸಿ, ಹತ್ತಿಯ ಬಿರಡೆ ಹಾಕುತ್ತಾರೆ. ಹೆಚ್ಚೂಕಮ್ಮಿ ನಮ್ಮ ಸಜ್ಜಿಗೆಯೇ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ.

1970ರ ದಶಕದ ಶುರುವಿನಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಆರ್.ಪಿ. ಶರ್ಮಾ ಎಂಬ ವಿಜ್ಞಾನಿ ರೆಕ್ಕೆಯಿಲ್ಲದ ನೊಣಗಳ ಒಂದು ತಳಿ ಗುರುತಿಸಿದರು. ಕೆಲವಕ್ಕೆ ಒಂದು ರೆಕ್ಕೆ ಇರಲಿಲ್ಲ, ಕೆಲವಕ್ಕೆ ಎರಡೂ ಇರಲಿಲ್ಲ. ಯಾವುದೋ ಒಂದು ಜೀನ್ ಕೆಟ್ಟಿತ್ತು. ಅದಕ್ಕೆ ವಿಂಗ್‌ಲೆಸ್ ಎಂದು ಹೆಸರಿಟ್ಟು 1973ರಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದರು. ಆಮೇಲೆ 1976ರಲ್ಲಿ ವಿ.ಎಲ್. ಚೋಪ್ರಾ ಜೊತೆ ಸೇರಿ ವಿವರವಾದ ಲೇಖನ ಪ್ರಕಟಿಸಿದರು. ಅಷ್ಟೇ. ರೆಕ್ಕೆಯಿಲ್ಲದ ನೊಣದಿಂದ ಯಾರಿಗೆ ಏನು ಉಪಯೋಗ ಅಂತ ಆಗ ಯಾರಾದರೂ ಕೇಳಿದ್ದರೆ, ಪ್ರಾಮಾಣಿಕವಾಗಿ ಕೊಡಬಹುದಾಗಿದ್ದ ಉತ್ತರ ಇಷ್ಟೇ: ರೆಕ್ಕೆ ಹೇಗೆ ಮೂಡುತ್ತದೆ ಅಂತ ತಿಳಿಯಬೇಕು.

ಇತ್ತ 1982ರಲ್ಲಿ ರೂಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಇಲಿಯ ಸ್ತನದ ಗೆಡ್ಡೆಗಳನ್ನು ನೋಡುತ್ತಿದ್ದರು. ಒಂದು ವೈರಸ್ ಇಲಿಯ ಕ್ರೋಮೋಸೋಮ್ ಒಳಗೆ ಹೋಗಿ ಒಂದು ಜೀನ್ ಪಕ್ಕ ಕೂತಾಗ ಗೆಡ್ಡೆ ಹುಟ್ಟುತ್ತಿತ್ತು. ಆ ಜೀನ್‌ಗೆ ಇಂಟ್-1 ಎಂದು ಹೆಸರಿಟ್ಟರು. ಕ್ಯಾನ್ಸರ್‌ಗೆ ಕಾರಣವಾಗುವ ಈ ಜೀನ್ ಸಹಜವಾಗಿ ಮೈಯಲ್ಲಿ ಏನು ಕೆಲಸ ಮಾಡುತ್ತದೆ ಅಂತ ತಿಳಿಯಲು ಅದರ ಜೋಡಿಯನ್ನು, ಅಂದರೆ ಅದನ್ನೇ ಹೋಲುವ ಜೀನನ್ನು, ನೊಣದಲ್ಲಿ ಹುಡುಕಿದರು. 1987ರಲ್ಲಿ ಸಿಕ್ಕಿತು. ಅದು ದೆಹಲಿಯ ವಿಂಗ್‌ಲೆಸ್ ಜೀನೇ ಆಗಿತ್ತು. ನೊಣದಲ್ಲಿ ರೆಕ್ಕೆ ಎಲ್ಲಿ ಮೂಡಬೇಕು ಎಂದು ಜೀವಕೋಶಗಳಿಗೆ ಹೇಳುವ ಸಂದೇಶ, ಇಲಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ, ಜಾಗವಲ್ಲದ ಜಾಗದಲ್ಲಿ ಹೊರಟರೆ ಗೆಡ್ಡೆ. ಎರಡೂ ಹೆಸರು ಸೇರಿಸಿ ಈ ಜೀನ್‌ಗಳ ಕುಟುಂಬಕ್ಕೆ ವಿಂಟ್ ಎಂದು ಕರೆದರು. ಇವತ್ತು ದೊಡ್ಡ ಕರುಳಿನ ಕ್ಯಾನ್ಸರ್ ಓದುವ ಯಾವ ಡಾಕ್ಟರೂ ವಿಂಟ್ ಸಂದೇಶದ ದಾರಿಯನ್ನು ಓದದೆ ಮುಂದೆ ಹೋಗಲಾರರು, ಯಾಕೆಂದರೆ ಆ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಈ ದಾರಿ ಹಾಳಾಗಿಯೇ ಶುರುವಾಗುತ್ತವೆ.

ವಿಂಟ್ ಎಂಬ ಹೆಸರಿನ ಮೊದಲ ಅಕ್ಷರ ಒಂದು ಭಾರತೀಯ ಕೃಷಿ ಸಂಸ್ಥೆಯ ಬಾಟಲಿಯಲ್ಲಿದ್ದ ನೊಣದಿಂದ ಬಂದದ್ದು. ಇದು ನಮ್ಮ ಶಾಲೆಯ ಪಾಠದಲ್ಲಿ ಇರಬೇಕಿತ್ತು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಎರಡನೆಯ ಕಥೆ ಇನ್ನೂ ಸ್ವಾರಸ್ಯದ್ದು. 1970ರ ದಶಕದ ಕೊನೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದರು. ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆ, ಇದು ತಲೆ, ಇದು ಬಾಲ, ಇದು ಬೆನ್ನು ಅಂತ ಒಂದೇ ದಿನದಲ್ಲಿ ಹೇಗೆ ತೀರ್ಮಾನ ಮಾಡುತ್ತದೆ? ಅವರು ಹಿಡಿದ ದಾರಿಗೆ ಬೇಕಾಗಿದ್ದು ತಾಳ್ಮೆ. ಜೀನ್ ಕೆಡಿಸುವ ರಾಸಾಯನಿಕವನ್ನು ಸಕ್ಕರೆ ನೀರಿನಲ್ಲಿ ಬೆರೆಸಿ ನೊಣಗಳಿಗೆ ಕುಡಿಸಿದರು. ಅವುಗಳ ವಂಶವನ್ನು ಸಾವಿರಾರು ಸಾಲುಗಳಲ್ಲಿ ಬೇರೆ ಬೇರೆ ಸಾಕಿದರು. ಮೊಟ್ಟೆಯೊಳಗೇ ಸತ್ತ ಮರಿಗಳನ್ನು ಇಬ್ಬರೂ ಒಟ್ಟಿಗೆ ನೋಡಬಹುದಾದ ಜೋಡಿ ಮೈಕ್ರೋಸ್ಕೋಪ್ ಮುಂದೆ ಎದುರುಬದುರು ಕೂತು ಒಂದೊಂದಾಗಿ ನೋಡಿದರು. ಒಂದರಲ್ಲಿ ಮೈಯ ಪಟ್ಟಿಗಳು ಒಂದು ಬಿಟ್ಟು ಒಂದು ಮಾಯ. ಇನ್ನೊಂದರಲ್ಲಿ ನಡುಭಾಗವೇ ಇಲ್ಲ. ಮತ್ತೊಂದು ಮರಿಯ ಮೈತುಂಬ ಮುಳ್ಳು. ಅದು ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಯ ಹಾಗೆ ಕಂಡಿದ್ದರಿಂದ ಆ ಜೀನ್‌ಗೆ ಅದೇ ಹೆಸರು. 1980ರಲ್ಲಿ ಮೊದಲ ಲೇಖನ ಬಂತು. 1995ರಲ್ಲಿ ಎಡ್ವರ್ಡ್ ಲೂಯಿಸ್ ಜೊತೆ ಇಬ್ಬರಿಗೂ ನೊಬೆಲ್. ವೀಶೌಸ್ ಅಷ್ಟರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ, ಅದೇ ಭ್ರೂಣಗಳನ್ನು ನೋಡುತ್ತಾ ಇದ್ದರು.

ಇನ್ನು ಇದಕ್ಕೆ ಸಂಬಂಧವೇ ಇಲ್ಲ ಅನ್ನಿಸುವ ಒಂದು ಜಾಗಕ್ಕೆ ಹೋಗೋಣ. 1950ರ ದಶಕದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಕುರಿಗಾರರು ಕಂಗಾಲಾಗಿದ್ದರು. ಹಣೆಯ ನಡುವೆ ಒಂದೇ ಕಣ್ಣಿರುವ ಕುರಿಮರಿಗಳು ಹುಟ್ಟುತ್ತಿದ್ದವು. ಕೃಷಿ ಇಲಾಖೆಯ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ, ಗಬ್ಬದ ಕುರಿಗಳು ಬೆಟ್ಟದಲ್ಲಿ ಮೇಯುವ ಒಂದು ಕಾಡು ಗಿಡವೇ ಕಾರಣ ಎಂದು ಕಂಡುಕೊಂಡರು. ಅದರಲ್ಲಿದ್ದ ವಿಷಕ್ಕೆ ಸೈಕ್ಲೋಪಮೀನ್ ಎಂದು ಹೆಸರಾಯಿತು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮಾತ್ರ ಮೂರು ದಶಕ ಯಾರಿಗೂ ತಿಳಿಯಲಿಲ್ಲ.

1993ರಲ್ಲಿ ನೊಣದ ಹೆಜ್‌ಹಾಗ್ ಜೀನಿನ ಜೋಡಿಗಳು ಇಲಿ, ಕೋಳಿ, ಮೀನುಗಳಲ್ಲಿ ಸಿಕ್ಕವು. ಆ ಜೀನ್ ಕೆಟ್ಟರೆ ಮುಖ ಮತ್ತು ಮೆದುಳು ಎರಡು ಭಾಗವಾಗಿ ಬೇರೆಯಾಗುವುದಿಲ್ಲ, ಒಂದೇ ಕಣ್ಣು ಬರುತ್ತದೆ ಎಂದು ಗೊತ್ತಾಯಿತು. 1998ರ ಹೊತ್ತಿಗೆ ಎಳೆಗಳು ಕೂಡಿದವು. ಕುರಿ ತಿಂದ ಗಿಡದ ವಿಷ ತಡೆಯುತ್ತಿದ್ದದ್ದು ಹೆಜ್‌ಹಾಗ್ ಸಂದೇಶವನ್ನೇ. ಇದರ ನಡುವೆ, 1996ರಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಮೇಲಿಂದ ಮೇಲೆ ಬರುವ ಕೆಲವು ಕುಟುಂಬಗಳಲ್ಲಿ ಕೆಟ್ಟಿದ್ದು ಪ್ಯಾಚ್ಡ್ ಎಂಬ ಜೀನ್. ನೊಣದಲ್ಲಿ ಹೆಜ್‌ಹಾಗ್ ಸಂದೇಶಕ್ಕೆ ಲಗಾಮು ಹಾಕುವ ಜೀನೇ ಅದು. ಲಗಾಮು ತುಂಡಾದರೆ ಸಂದೇಶ ನಿಲ್ಲುವುದೇ ಇಲ್ಲ, ಜೀವಕೋಶಗಳು ಹೆಚ್ಚುತ್ತಾ ಹೋಗುತ್ತವೆ. ಹಾಗಾದರೆ ಆ ಸಂದೇಶ ತಡೆಯುವ ಔಷಧಿ ಮಾಡಿದರೆ? 2012ರಲ್ಲಿ ವಿಸ್ಮೊಡೆಗಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಪರೇಷನ್ ಮಾಡಲಾಗದಷ್ಟು ಬೆಳೆದ, ಇಲ್ಲವೇ ಮೈಯಲ್ಲಿ ಹರಡಿದ ಬೇಸಲ್ ಸೆಲ್ ಕ್ಯಾನ್ಸರ್‌ಗೆ ಅದನ್ನು ಕೊಡುತ್ತಾರೆ. ಸೈಕ್ಲೋಪಮೀನ್ ಹೋಗಿ ಹಿಡಿಯುವ ಪ್ರೋಟೀನನ್ನೇ ಅದೂ ಹಿಡಿಯುತ್ತದೆ. ಬಸುರಿಯರು ಅದನ್ನು ತೆಗೆದುಕೊಳ್ಳಲೇಬಾರದು ಎಂದು ದೊಡ್ಡದಾಗಿ ಎಚ್ಚರಿಕೆ ಬರೆದಿರುತ್ತಾರೆ. ಯಾಕೆ ಅಂತ ಆ ಕುರಿಮರಿಗಳನ್ನು ನೆನೆದರೆ ಗೊತ್ತಾಗುತ್ತದೆ. ಅದು ಪವಾಡದ ಮಾತ್ರೆಯೂ ಅಲ್ಲ. ಕೂದಲು ಉದುರುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ, ಬಾಯಿ ರುಚಿ ಹೋಗುತ್ತದೆ, ಕೆಲವರಲ್ಲಿ ಗೆಡ್ಡೆ ಮತ್ತೆ ಬೆಳೆಯುತ್ತದೆ. ಆದರೂ ಮೊದಲು ಏನೂ ಇಲ್ಲದ ಕಡೆ ಒಂದು ದಾರಿ ಆಯಿತು.

1980ರ ಲೇಖನದಿಂದ 2012ರ ಮಾತ್ರೆಗೆ 32 ವರ್ಷ. ನಾನು ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಇವತ್ತು ಎಲ್ಲ ಕಡೆ, ನಮ್ಮಲ್ಲೂ, ಸಂಶೋಧನೆಗೆ ಹಣ ಕೇಳುವ ಅರ್ಜಿಯಲ್ಲಿ ಇದರಿಂದ ಸಮಾಜಕ್ಕೆ ಏನು ಉಪಯೋಗ ಎಂಬ ಕಲಂ ಇರುತ್ತದೆ. ಮೂರು ವರ್ಷದ ಯೋಜನೆ, ಮೂರು ವರ್ಷದಲ್ಲಿ ಫಲ. ಹೈಡೆಲ್‌ಬರ್ಗ್‌ನ ಆ ಇಬ್ಬರು ಚರ್ಮದ ಕ್ಯಾನ್ಸರ್ ಎಂದು ಬರೆಯಲು ಸಾಧ್ಯವೇ ಇರಲಿಲ್ಲ. ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ಕಾಯಿಲೆಯ ಹೆಸರು ಹೇಳಿದವರಿಗೆ ಮಾತ್ರ ದುಡ್ಡು ಎನ್ನುವ ನಿಯಮ ಆಗ ಇದ್ದಿದ್ದರೆ ಆ ಕಾಯಿಲೆಗೆ ಔಷಧಿಯ ಸುಳಿವೇ ಸಿಗುತ್ತಿರಲಿಲ್ಲ.

ಇಂಥವು ಇನ್ನೂ ಇವೆ. ಟೋಲ್ ಎಂಬ ಜೀನ್ ಭ್ರೂಣದ ಬೆನ್ನು ಹೊಟ್ಟೆ ತೀರ್ಮಾನಿಸುವುದು ಅಂತ ಗೊತ್ತಿತ್ತು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಅದೇ ಜೀನ್ ದೊಡ್ಡ ನೊಣವನ್ನು ಬೂಸ್ಟಿನ ಸೋಂಕಿನಿಂದ ಕಾಪಾಡುತ್ತದೆ ಎಂದು ಕಂಡಿತು. ಮನುಷ್ಯರಲ್ಲೂ ಅದರ ನೆಂಟರು ಸಿಕ್ಕರು, ರೋಗನಿರೋಧಕ ಶಕ್ತಿಯ ಪಾಠವೇ ಬದಲಾಯಿತು, 2011ರಲ್ಲಿ ನೊಬೆಲ್ ಬಂತು. 2017ರ ನೊಬೆಲ್ ಕೂಡ ನೊಣದ್ದೇ, ನಿದ್ದೆ ಮತ್ತು ಎಚ್ಚರವನ್ನು ನಡೆಸುವ ಒಳಗಿನ ಗಡಿಯಾರಕ್ಕೆ. 2000ದ ಮಾರ್ಚಿನಲ್ಲಿ ನೊಣದ ಜೀನೋಮ್, ಅಂದರೆ ಅದರ ಜೀನ್‌ಗಳ ಇಡೀ ಬರಹ, ಓದಿ ಮುಗಿಸಿದ ಮೇಲೆ, ಮನುಷ್ಯರ ಕಾಯಿಲೆಗಳಿಗೆ ಸಂಬಂಧಪಟ್ಟ ಜೀನ್‌ಗಳಲ್ಲಿ ನೂರಕ್ಕೆ ಸುಮಾರು 75 ಭಾಗಕ್ಕೆ ನೊಣದಲ್ಲಿ ಜೋಡಿ ಇದೆ ಎಂದು ಲೆಕ್ಕ ಸಿಕ್ಕಿತು.

ಜೋಡಿ ಇದೆ ಎಂದ ಮಾತ್ರಕ್ಕೆ ಏನು ಪ್ರಯೋಜನ ಅಂತ ಕೇಳಬಹುದು. ಪಾರ್ಕಿನ್ಸನ್ ಕಾಯಿಲೆಯ ಒಂದು ಉದಾಹರಣೆ ಹೇಳುತ್ತೇನೆ. ಚಿಕ್ಕ ವಯಸ್ಸಿನಲ್ಲೇ ಕೈಕಾಲು ನಡುಗಲು ಶುರುವಾಗುವ ಕೆಲವು ಕುಟುಂಬಗಳಲ್ಲಿ ಎರಡು ಜೀನ್‌ಗಳು ಕೆಟ್ಟಿರುವುದು ಕಂಡಿತ್ತು. 1998ರಲ್ಲಿ ಪಾರ್ಕಿನ್, 2004ರಲ್ಲಿ ಪಿಂಕ್-1. ಎರಡಕ್ಕೂ ಏನು ಸಂಬಂಧ ಅಂತ ಯಾರಿಗೂ ಗೊತ್ತಿರಲಿಲ್ಲ. ಅಂಥ ಪ್ರಶ್ನೆಯನ್ನು ರೋಗಿಯಲ್ಲಿ ಪ್ರಯೋಗ ಮಾಡಿ ಬಿಡಿಸಲಾಗುವುದಿಲ್ಲ. ನೊಣದಲ್ಲಿ ಒಂದೊಂದು ಜೀನ್ ಕೆಡಿಸಿದಾಗ ಎರಡರಲ್ಲೂ ಒಂದೇ ತೊಂದರೆ: ಸ್ನಾಯು ಹಾಳು, ರೆಕ್ಕೆ ಜೋತುಬೀಳುವುದು, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಊದಿಕೊಳ್ಳುವುದು. ಆಮೇಲೆ 2006ರಲ್ಲಿ ಎರಡು ತಂಡಗಳು ಒಂದು ಸರಳ ಕೆಲಸ ಮಾಡಿದವು. ಪಿಂಕ್-1 ಇಲ್ಲದ ನೊಣಕ್ಕೆ ಪಾರ್ಕಿನ್ ಜಾಸ್ತಿ ಕೊಟ್ಟರು, ನೊಣ ಚೇತರಿಸಿಕೊಂಡಿತು. ಪಾರ್ಕಿನ್ ಇಲ್ಲದ ನೊಣಕ್ಕೆ ಪಿಂಕ್-1 ಕೊಟ್ಟರು, ಏನೂ ಆಗಲಿಲ್ಲ. ಅಂದರೆ ಪಿಂಕ್-1 ಮೇಲಿನ ಮೆಟ್ಟಿಲು, ಪಾರ್ಕಿನ್ ಕೆಳಗಿನದು. ಇಬ್ಬರೂ ಸೇರಿ ಕೆಟ್ಟುಹೋದ ಮೈಟೊಕಾಂಡ್ರಿಯಾಗಳನ್ನು ಗುಡಿಸಿ ಹಾಕುವ ಕೆಲಸ ಮಾಡುತ್ತಾರೆ ಎಂಬ ಇವತ್ತಿನ ತಿಳಿವಳಿಕೆ ಇಲ್ಲಿಂದಲೇ ಬೆಳೆದದ್ದು. ಇಲಿಗಳಲ್ಲಿ ಇದೇ ಜೀನ್‌ಗಳನ್ನು ತೆಗೆದರೆ ಹೊರಗೆ ಅಷ್ಟೇನೂ ಕಾಣುವುದಿಲ್ಲ. ಮನುಷ್ಯನಿಗೆ ಹತ್ತಿರದ ಪ್ರಾಣಿಯೇ ಯಾವಾಗಲೂ ಜಾಸ್ತಿ ಹೇಳುತ್ತದೆ ಎನ್ನುವಂತಿಲ್ಲ.

ನೊಣಕ್ಕೂ ಮಿತಿ ಇದೆ. ಅದನ್ನು ಮುಚ್ಚಿಟ್ಟರೆ ನಾನು ಅಕ್ಕನಿಗೆ ಮೋಸ ಮಾಡಿದಂತೆ. ನೊಣಕ್ಕೆ ನಮ್ಮ ಹಾಗೆ ಶ್ವಾಸಕೋಶ ಇಲ್ಲ, ರಕ್ತನಾಳಗಳ ಜಾಲ ಇಲ್ಲ, ಆಂಟಿಬಾಡಿ ಮಾಡುವ ವ್ಯವಸ್ಥೆ ಇಲ್ಲ. ನೊಣದಲ್ಲಿ ಕೆಲಸ ಮಾಡಿದ ಔಷಧಿ ಮನುಷ್ಯರಲ್ಲಿ ಮಾಡಲೇಬೇಕು ಅಂತಿಲ್ಲ. ನ್ಯೂಯಾರ್ಕ್‌ನಲ್ಲಿ ರಾಸ್ ಕೇಗನ್ ತಂಡ ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದ್ದ ಒಬ್ಬ ರೋಗಿಯ ಗೆಡ್ಡೆಯಲ್ಲಿದ್ದ ಜೀನ್ ಬದಲಾವಣೆಗಳನ್ನೇ ನೊಣದಲ್ಲಿ ಮಾಡಿ, ಅದರ ಮೇಲೆ ಔಷಧಿಗಳ ಪರೀಕ್ಷೆ ನಡೆಸಿ, ಎರಡು ಔಷಧಿಗಳ ಒಂದು ಜೋಡಿ ಆರಿಸಿ ರೋಗಿಗೆ ಕೊಟ್ಟಿತು. ಗೆಡ್ಡೆ ನೂರಕ್ಕೆ 45 ಭಾಗ ಕುಗ್ಗಿತು, 11 ತಿಂಗಳು ಹಿಡಿತದಲ್ಲಿತ್ತು, ಆಮೇಲೆ ಮತ್ತೆ ಬೆಳೆಯಿತು. 2019ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಆದರೆ ಅದು ಒಬ್ಬ ರೋಗಿಯದು.

ನಮ್ಮ ದೇಶದ್ದೇ ಒಂದು ಸಂಗತಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಸ್.ಸಿ. ಲಖೋಟಿಯಾ ತಮ್ಮ ಇಡೀ ಜೀವನ ನೊಣದ ಜೀನ್‌ಗಳಿಗೆ ಕೊಟ್ಟವರು. ಜೀನ್‌ನಿಂದ ಬರುವ ನಕಲಿಗೆ ಆರ್‌ಎನ್‌ಎ ಎನ್ನುತ್ತಾರೆ; ಪ್ರೋಟೀನ್ ಮಾಡದ ಆರ್‌ಎನ್‌ಎಗಳನ್ನು ಯಾರೂ ಲೆಕ್ಕಕ್ಕಿಡದ ಕಾಲದಲ್ಲೇ ಅಂಥ ಒಂದರ ಬೆನ್ನು ಹತ್ತಿದ್ದರು. ಅವರ ಲ್ಯಾಬ್ ಹಂಟಿಂಗ್ಟನ್‌ನಂಥ ನರರೋಗ ಬರುವ ಹಾಗೆ ಮಾಡಿದ ನೊಣಗಳಿಗೆ ಆಮಲಕಿ ರಸಾಯನ ಮತ್ತು ರಸಸಿಂಧೂರ ಸೇರಿಸಿದ ಆಹಾರ ಕೊಟ್ಟು, ನರಗಳ ಹಾನಿ ಕಡಿಮೆಯಾಗುವುದನ್ನು ಕಂಡಿತು. ಆಯುರ್ವೇದದ ಔಷಧಿಯನ್ನು ಹೀಗೆ ಪರೀಕ್ಷೆಗೆ ಒಡ್ಡಿದ್ದು ಒಳ್ಳೆಯ ಕೆಲಸ. ಆದರೆ ಅದು ನೊಣದಲ್ಲಿ ಕಂಡದ್ದು. ಇದನ್ನು ಓದಿ ಯಾರೂ ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ರಸಸಿಂಧೂರ ಕೊಡಬೇಡಿ, ದಯವಿಟ್ಟು. ಅದರಲ್ಲಿ ಪಾದರಸ ಇರುತ್ತದೆ.

ಈಗ ಮಕ್ಕಳ ವಿಷಯ. ಮಗು ಕುತ್ತಿಗೆ ನಿಲ್ಲಿಸುವುದಿಲ್ಲ, ಮಾತು ಬರುವುದಿಲ್ಲ, ಫಿಟ್ಸ್ ಬರುತ್ತದೆ. ಅಪ್ಪ ಅಮ್ಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ. ಕೊನೆಗೆ ಜೀನ್ ಟೆಸ್ಟ್ ಮಾಡಿಸಿದರೆ ರಿಪೋರ್ಟಿನಲ್ಲಿ, ಇಂಥ ಜೀನ್‌ನಲ್ಲಿ ಒಂದು ಬದಲಾವಣೆ ಇದೆ, ಅದರ ಅರ್ಥ ಖಚಿತವಿಲ್ಲ ಎಂದು ಬಂದಿರುತ್ತದೆ. ಆ ಸಾಲು ಓದಿದ ತಂದೆತಾಯಿಯ ಸ್ಥಿತಿ ಊಹಿಸಿಕೊಳ್ಳಿ. ನಮ್ಮೆಲ್ಲರ ಜೀನ್‌ಗಳಲ್ಲೂ ಸಾವಿರಾರು ಬದಲಾವಣೆಗಳಿರುತ್ತವೆ, ಬಹುತೇಕ ನಿರುಪದ್ರವಿ. ಇದು ಕಾಯಿಲೆ ತಂದದ್ದೋ ಸುಮ್ನೆ ಇರುವುದೋ ಅಂತ ಹೇಗೆ ಹೇಳುವುದು?

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಬೇಲರ್ ವೈದ್ಯಕೀಯ ಕಾಲೇಜಿನ ಹ್ಯೂಗೊ ಬೆಲ್ಲನ್ ತಂಡ ಇದಕ್ಕೆ ನೊಣವನ್ನು ಬಳಸುತ್ತದೆ. ನೊಣದಲ್ಲಿ ಆ ಜೀನಿನ ಜೋಡಿಯನ್ನು ತೆಗೆದುಬಿಡುತ್ತಾರೆ, ನೊಣಕ್ಕೆ ತೊಂದರೆಯಾಗುತ್ತದೆ ಅಥವಾ ಸಾಯುತ್ತದೆ. ಆ ಜಾಗದಲ್ಲಿ ಮನುಷ್ಯನ ಸರಿಯಾದ ಜೀನ್ ಹಾಕುತ್ತಾರೆ. ಎಷ್ಟೋ ಸಲ ನೊಣ ಬದುಕುತ್ತದೆ. ಮನುಷ್ಯನ ಜೀನ್ ನೊಣವನ್ನು ಬದುಕಿಸುತ್ತದೆ ಎನ್ನುವುದು ನನಗೆ ಈಗಲೂ ಬೆರಗು. ಮೂರನೆಯ ಹೆಜ್ಜೆಯಲ್ಲಿ ಮಗುವಿನಲ್ಲಿ ಕಂಡ ಬದಲಾವಣೆ ಇರುವ ಜೀನ್ ಹಾಕುತ್ತಾರೆ. ಅದು ನೊಣವನ್ನು ಉಳಿಸದಿದ್ದರೆ ಆ ಬದಲಾವಣೆ ಕೆಟ್ಟದ್ದು ಎನ್ನುವುದಕ್ಕೆ ಬಲವಾದ ಸಾಕ್ಷಿ ಸಿಕ್ಕಿತು. 2017ರಲ್ಲಿ ಇಬಿಎಫ್-3 ಎಂಬ ಜೀನ್ ಹೀಗೇ ಗುರುತಾಯಿತು. ಸ್ನಾಯು ಸಡಿಲ, ನಡಿಗೆಯಲ್ಲಿ ಓಲಾಟ, ಬೆಳವಣಿಗೆ ನಿಧಾನ ಇದ್ದ ಮಕ್ಕಳಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆ ಈ ಜೀನ್‌ನಲ್ಲಿತ್ತು. ನೊಣದಲ್ಲಿ ಇದರ ಜೋಡಿಗೆ ನಾಟ್ ಎಂದು ಹೆಸರು. ಮಕ್ಕಳ ಬದಲಾವಣೆ ಇರುವ ಜೀನ್ ನೊಣದಲ್ಲಿ ಸರಿಯಾಗಿ ಕೆಲಸ ಮಾಡಲಿಲ್ಲ. ಹೆಸರಿಲ್ಲದ ಕಾಯಿಲೆಗೆ ಒಂದು ಹೆಸರು ಬಂತು. ಔಷಧಿ ಇನ್ನೂ ದೂರ. ಆದರೆ ಇಂಥ ಮಗುವಿನ ತಾಯಿಗೆ, ಬಸುರಿಯಲ್ಲಿ ನಾನೇನೋ ತಪ್ಪು ಮಾಡಿದೆ ಎಂಬ ಕೊರಗು ಇಳಿಯಬಹುದು. ಮುಂದಿನ ಮಗುವಿನ ಬಗ್ಗೆ ಡಾಕ್ಟರ್ ಹತ್ತಿರ ಕೂತು ಮಾತಾಡಬಹುದು.

ಕರ್ನಾಟಕಕ್ಕೆ ಇದು ದೂರದ ವಿಷಯ ಅಲ್ಲವೇ ಅಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲಿ ಆದದ್ದು. ಹಾಗಾಗಿ ಇಬ್ಬರ ಕಡೆಯಿಂದಲೂ ಒಂದೇ ಕೆಟ್ಟ ಜೀನ್ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯನ್ನು ವಿಶೇಷ ಕೇಂದ್ರವಾಗಿ ಗುರುತಿಸಿದ್ದಾರೆ. ರೋಗಿಗಳು ಇಲ್ಲಿದ್ದಾರೆ, ಡಾಕ್ಟರುಗಳು ಇಲ್ಲಿದ್ದಾರೆ, ನೊಣ ಗೊತ್ತಿರುವವರೂ ಇದೇ ಊರಲ್ಲಿದ್ದಾರೆ.

ಅದು ಹೇಗೆ ಅಂದರೆ, ಭಾರತದ ನೊಣದ ಸಂಶೋಧನೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರಿನಲ್ಲಿ ಎಂ.ಆರ್. ರಾಜಶೇಖರಶೆಟ್ಟಿ ಹಾಕಿದ ಬುನಾದಿಯ ಮೇಲೆ ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್ ಮೊದಲಾದವರು ಕಟ್ಟಿದರು. ಎಂಟು ಕ್ರೋಮೋಸೋಮ್ ಇರುವ ಒಂದು ನೊಣ, ಆರು ಇರುವ ಅದರ ಹತ್ತಿರದ ನೆಂಟ, ಎರಡನ್ನೂ ಕೂಡಿಸಿ, ಹುಟ್ಟಿದ ಮಿಶ್ರತಳಿಗಳನ್ನು ನೂರಾರು ತಲೆಮಾರು ಸಾಕಿ, ಹೊಸ ಬಗೆಗಳು ಕಣ್ಣೆದುರೇ ರೂಪುಗೊಳ್ಳುವುದನ್ನು ಅಲ್ಲಿ ನೋಡಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಕಟ್ಟಿದ ಒಬೈದ್ ಸಿದ್ದಿಕಿ ಮುಂಬೈಯಲ್ಲಿದ್ದಾಗಲೇ ನೊಣಕ್ಕೆ ವಾಸನೆ, ರುಚಿ ಹೇಗೆ ತಿಳಿಯುತ್ತದೆ ಎಂದು ಹುಡುಕುತ್ತಿದ್ದವರು. ಅದೇ ಸಂಸ್ಥೆಯ ಗೈತಿ ಹಸನ್ ಜೀವಕೋಶದೊಳಗೆ ಕ್ಯಾಲ್ಸಿಯಂ ಬಿಡುವ ಒಂದು ಬಾಗಿಲಿನ ಜೀನ್ ಕೆಟ್ಟ ನೊಣಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆ ನೊಣಗಳು ಹಾರಲಾರವು. 2007ರಲ್ಲಿ ಬೇರೆ ಕಡೆಯ ತಂಡಗಳು ಇದೇ ಜೀನ್ ಕೆಟ್ಟ ಮನುಷ್ಯರಿಗೆ ನಡೆಯುವಾಗ ಓಲಾಡುವ ಅಟಾಕ್ಸಿಯಾ ಬರುತ್ತದೆ ಎಂದು ತೋರಿಸಿದವು. ಹಾರಲಾರದ ನೊಣ, ನೆಟ್ಟಗೆ ನಡೆಯಲಾರದ ಮನುಷ್ಯ, ಎರಡರ ಹಿಂದೆಯೂ ಒಂದೇ ಜೀನ್.

ಇಷ್ಟೆಲ್ಲ ಇದ್ದರೂ ನಾವು ಸಂಶೋಧನೆಗೆ ಹಾಕುವ ಹಣ ದೇಶದ ಉತ್ಪನ್ನದ ಶೇಕಡಾ 0.64ರಷ್ಟು, 2020–21ರ ಲೆಕ್ಕದಲ್ಲಿ. ನೂರು ರೂಪಾಯಿಯಲ್ಲಿ 64 ಪೈಸೆ. ಅದೂ ಎಲ್ಲ ವಿಜ್ಞಾನಕ್ಕೂ ಸೇರಿಸಿ.

ಹಣ ನಿಂತರೆ ನೊಣದ ಲ್ಯಾಬ್‌ನಲ್ಲಿ ಏನಾಗುತ್ತದೆ ಎನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇಲಿಯ ಭ್ರೂಣವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡಬಹುದು, ಬೀಜವನ್ನು ಒಣಗಿಸಿ ಇಡಬಹುದು. ನೊಣವನ್ನು ಹಾಗೆ ಇಡುವ ದಾರಿ ಈಚೆಗಷ್ಟೇ ತೆರೆದುಕೊಳ್ಳುತ್ತಿದೆ, ಬಹುತೇಕ ತಳಿಗಳನ್ನು ಇಂದಿಗೂ ಜೀವಂತವಾಗಿಯೇ ಉಳಿಸಿಕೊಳ್ಳಬೇಕು. ತಣ್ಣನೆಯ ಕೋಣೆಯಲ್ಲಿಟ್ಟರೂ ಮೂರು ನಾಲ್ಕು ವಾರಕ್ಕೊಮ್ಮೆ ಪ್ರತಿ ಟ್ಯೂಬಿನ ನೊಣಗಳನ್ನು ಹೊಸ ಊಟದ ಟ್ಯೂಬಿಗೆ ತಟ್ಟಿ ಹಾಕಬೇಕು. ಇಂಡಿಯಾನಾದ ಬ್ಲೂಮಿಂಗ್ಟನ್ ಕೇಂದ್ರದಲ್ಲಿ 70 ಸಾವಿರಕ್ಕೂ ಜಾಸ್ತಿ ತಳಿಗಳಿವೆ. ಎಲ್ಲವನ್ನೂ ಕೈಯಿಂದಲೇ ಬದಲಾಯಿಸುತ್ತಾರೆ. ಎಂಎಸ್ಸಿ ಓದುವಾಗ ನಾನಿದ್ದ ಲ್ಯಾಬಿನಲ್ಲಿ ಒಂದು ಬೇಸಿಗೆ ಎಸಿ ಕೆಟ್ಟಿತು. ರಿಪೇರಿಗೆ ಹಣ ಮಂಜೂರಾಗಲು ತಿಂಗಳಾಯಿತು. ಬಿಸಿ ಮೂವತ್ತು ಡಿಗ್ರಿ ದಾಟಿದರೆ ಗಂಡು ನೊಣಗಳು ಬಂಜೆಯಾಗುತ್ತವೆ. ನೊಣಗಳೇನೋ ಓಡಾಡಿಕೊಂಡಿದ್ದವು, ಟ್ಯೂಬಿನಲ್ಲಿ ಮರಿಹುಳು ಮಾತ್ರ ಇರಲಿಲ್ಲ. ನನ್ನ ಹಿರಿಯ ಸಹಪಾಠಿ ನಾಲ್ಕು ವರ್ಷ ಕೂಡಿಸಿ ಕೂಡಿಸಿ ಮಾಡಿದ್ದ ಒಂದು ತಳಿ ಹಾಗೆ ಹೋಯಿತು. ಅವರು ಖಾಲಿ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಫ್ಲೈಬೇಸ್ ಈ ಟ್ಯೂಬುಗಳ ಪಟ್ಟಿ. ಯಾವ ಟ್ಯೂಬಿನಲ್ಲಿ ಏನಿದೆ, ಅದನ್ನು ಯಾರು ಯಾವಾಗ ಮಾಡಿದರು, ಅದರಿಂದ ಏನು ತಿಳಿಯಿತು, ಆ ಜೀನಿಗೆ ಮನುಷ್ಯರಲ್ಲಿ ಯಾವುದು ಜೋಡಿ. ಡಾಕ್ಟರೊಬ್ಬರು ಮಗುವಿನ ರಿಪೋರ್ಟ್ ಹಿಡಿದು ಬೆಂಗಳೂರಿನ ನೊಣದ ಲ್ಯಾಬಿಗೆ ಬಂದರೆ ಅಲ್ಲಿಯವರು ಮೊದಲು ತೆರೆಯುವುದು ಅದನ್ನೇ. ಅದನ್ನು ತುಂಬುವವರು ಬರುವ ಪ್ರತಿ ಲೇಖನವನ್ನೂ ಓದಿ, ತಾಳೆ ನೋಡಿ, ಕೈಯಾರೆ ಸೇರಿಸುತ್ತಾರೆ. ಒಂದು ವರ್ಷ ಅವರಿಲ್ಲದಿದ್ದರೆ ಒಂದು ವರ್ಷದ ಪುಟಗಳು ಖಾಲಿ.

ಅಕ್ಕನಿಗೆ ನಾನು ಕೊನೆಗೆ ಹೇಳಿದ್ದು ಬಿಳಿ ಕಣ್ಣಿನ ಆ ಗಂಡು ನೊಣದ ಬಗ್ಗೆ. 1910ರಲ್ಲಿ ಮಾರ್ಗನ್ ಕಂಡ ಆ ನೊಣದ ವಂಶ ಇವತ್ತೂ ಇದೆ. ಬ್ಲೂಮಿಂಗ್ಟನ್‌ಗೆ ಬರೆದರೆ ಒಂದು ಟ್ಯೂಬಿನಲ್ಲಿ ಕಳಿಸುತ್ತಾರೆ. ಎರಡು ಮಹಾಯುದ್ಧ ಆಗಿಹೋಯಿತು, ಕೊರೊನಾ ಲಾಕ್‌ಡೌನ್ ಬಂದು ಹೋಯಿತು. ಅಷ್ಟೂ ವರ್ಷ, ಕೆಲವು ವಾರಕ್ಕೊಮ್ಮೆ, ಯಾರೋ ಒಬ್ಬರು ಬಂದು ಅದನ್ನು ಹೊಸ ಊಟದ ಬಾಟಲಿಗೆ ದಾಟಿಸುತ್ತಲೇ ಬಂದಿದ್ದಾರೆ.